ಅರಿಶಿನದ ಹಾಳೆ ಕೆಂಪಾಗದಿದ್ದರೆ
ಎರಡನೇ ತರಗತಿ ಮಕ್ಕಳ ಕೈಲಿ ಅರಿಶಿನ ಬಳಿದ ಹಾಳೆ ಮೇಲೆ ಅಡುಗೆ ಸೋಡಾ ನೀರಿನಿಂದ ಚಿತ್ರದುರ್ಗದ ಕೋಟೆ ಬರೆಸಿದರೂ ಕೆಂಪು ಬರಲಿಲ್ಲ ಅಂದಿರಲ್ಲ ಮೇಡಂ, ಆ ಸೋಡಾದ ಕ್ಷಾರ ತೀರಾ ಸೌಮ್ಯ. ಬಟ್ಟೆ ಸೋಪು ತುರಿದು, 1 ಚಮಚಕ್ಕೆ ಕಾಲು ಲೋಟ ಬಿಸಿನೀರು ಹಾಕಿ ಕದಡಿ. ತಣ್ಣಗಾದ ಮೇಲೆ ಹತ್ತಿಕಡ್ಡಿಯಲ್ಲಿ ಬರೆಸಿ, ಗೆರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ಸುಣ್ಣದ ತಿಳಿಯಲ್ಲಿ ಇನ್ನೂ ಗಾಢವಾಗಿ ಬರುತ್ತೆ ನಿಜ, ಕಣ್ಣಿಗೆ ಸಿಡಿದರೆ ಗತಿಯೇನು? ಈ ವಯಸ್ಸಿಗೆ ಬೇಡವೇ ಬೇಡ.

ಹಾಳೆಗೆ ಬಳಿದ ಹಳದಿ ತೇಪೆ ತೇಪೆ ಆಯ್ತು ಅಂದಿರಲ್ಲ, ಅದಕ್ಕೆ ಕಾರಣ, ಅರಿಶಿನದ ಬಣ್ಣ ನೀರಲ್ಲಿ ಸರಿಯಾಗಿ ಕರಗಲ್ಲ. 1 ಚಮಚ ಪುಡಿಗೆ 4 ಚಮಚ ಸರ್ಜಿಕಲ್ ಸ್ಪಿರಿಟ್ (ಚರ್ಮ ಒರೆಸಲು ಬಳಸುವ ಮದ್ಯಸಾರ, ಬೇಗ ಹೊತ್ತಿಕೊಳ್ಳುತ್ತೆ) ಬೆರೆಸಿ, ಒಲೆಯಿಂದ ದೂರ ಕೂತು ನೀವೇ ಬಳಿಯಿರಿ. ನೆರಳಲ್ಲೇ ಒಣಗಿಸಿ, ದುರ್ಗದ ಬಿಸಿಲಿಗೆ ಹಳದಿ ಮಾಸುತ್ತೆ. ಸೋಪು ನೀರಲ್ಲಿ ಕೋಟೆ ಬರೆಸಿದ ಮೇಲೆ ನಿಂಬೆರಸ ಸವರಿಸಿ, ಕೆಂಪು ಮತ್ತೆ ಹಳದಿಯಾಗಿ ಕೋಟೆ ಮಾಯ!