ಆ ಕಾರಿಗೆ ಕೀಲಿಯೂ ಇಲ್ಲ, ಎರಡನೇ ಗೇರೂ ಇಲ್ಲ

ಪ್ರಿಯ ಲೇಖಕರೇ,

ಅಮೆರಿಕದ ರೇಸ್ ಚಾಲಕ ಜೆಫ್ ಗಾರ್ಡನ್ ಅವರ ಆರಂಭದ ದಿನಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಇಸವಿಗಳು ಬಹುಪಾಲು ಸರಿಯಿವೆ, ಎತ್ತಿಕೊಂಡ ವಿಷಯವೂ ಒಳ್ಳೆಯದೇ. ಹೊಗಳಿಕೆ ಇಲ್ಲಿಗೆ ಮುಗಿಯಿತು. ಎರಡನೇ ಪುಟದ ಒಂದು ಪ್ಯಾರಾ ನಿನ್ನೆಯಿಂದ ನನ್ನ ತಲೆ ತಿನ್ನುತ್ತಿದೆ. ಹುಡುಗ 13ನೇ ವಯಸ್ಸಿಗೆ ಸ್ಪ್ರಿಂಟ್ ಕಾರು, ಅಂದರೆ ಚಿಕ್ಕ ಓವಲ್ ಟ್ರ್ಯಾಕುಗಳ ಹಗುರ ರೇಸ್ ಕಾರು, ಹತ್ತುವ ಸಂದರ್ಭವದು. ನೀವು ಬರೆದದ್ದು ಹೀಗೆ:

“ಜೆಫ್ ಕೀಲಿ ತಿರುಗಿಸಿದ, ಎಂಜಿನ್ ಸಿಂಹದಂತೆ ಗರ್ಜಿಸಿತು. ಸರಸರನೆ ಗೇರ್ ಬದಲಿಸುತ್ತಾ ಮುನ್ನುಗ್ಗಿದ. ತಿರುವು ಬಂದೊಡನೆ ಸ್ಟಿಯರಿಂಗನ್ನು ಎಡಕ್ಕೆ ಎಳೆದ. ನಾಲ್ಕೂ ಚಕ್ರಗಳು ನೆಲಕ್ಕೆ ಅಂಟಿಕೊಂಡಂತೆ ಕಾರು ತಿರುಗಿತು.”

ವಾಕ್ಯ ನಾಲ್ಕು, ತಪ್ಪೂ ನಾಲ್ಕು. ಒಂದೊಂದಾಗಿ ನೋಡೋಣ.

ಸ್ಪ್ರಿಂಟ್ ಕಾರಿಗೆ ಕೀಲಿ ಇಲ್ಲ. ಸ್ಟಾರ್ಟರ್ ಮೋಟಾರ್ ಇಲ್ಲ, ಕ್ಲಚ್ಚೂ ಇಲ್ಲ. ಭಾರ ಇಳಿಸಲು ಅವನ್ನೆಲ್ಲ ಕೈಬಿಟ್ಟಿರುತ್ತಾರೆ. ನಿಂತ ಕಾರನ್ನು ಒಂದು ಲಿವರ್ ನೂಕಿ ಗೇರಿಗೆ ಸಿಕ್ಕಿಸಿದ ಮೇಲೆ ಹಿಂದಿನಿಂದ ಟ್ರಕ್ ತಳ್ಳುತ್ತದೆ. ಚಕ್ರ ಉರುಳಿದಂತೆ ಎಂಜಿನ್ ತಿರುಗತೊಡಗುತ್ತದೆ. ಆಗ ಚಾಲಕ ನೋಡುವುದು ಆಯಿಲ್ ಪ್ರೆಶರ್ ಮುಳ್ಳನ್ನು. ಅದು ಮೇಲೆದ್ದ ಮೇಲೆಯೇ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಸ್ವಿಚ್ ಹಾಕಬೇಕು. ಅವಸರ ಮಾಡಿದರೆ ಎಣ್ಣೆ ತಲುಪದ ಬೇರಿಂಗುಗಳು ಒಣಗಿದಂತೆಯೇ ಉಜ್ಜಿಕೊಂಡು ಕೆಡುತ್ತವೆ. ರೇಸಿನ ನಡುವೆ ಕಾರು ಗಿರಕಿ ಹೊಡೆದು ಎಂಜಿನ್ ನಿಂತರೆ ತಾನಾಗಿ ಹೊರಡುವಂತೆಯೂ ಇಲ್ಲ, ಮತ್ತೆ ಟ್ರಕ್ಕೇ ಬರಬೇಕು. ಇನ್ನೂ ಮೀಸೆ ಮೂಡದ ಹುಡುಗ, ಬೆನ್ನ ಹಿಂದೆ ಟ್ರಕ್ಕಿನ ಬಂಪರ್, ಕಣ್ಣು ಒಂದು ಮುಳ್ಳಿನ ಮೇಲೆ. ಇಷ್ಟೆಲ್ಲ ಎದುರಿಗಿರುವಾಗ ಪಾಪ, ಆ ಸಿಂಹವನ್ನು ಯಾಕೆ ಕರೆದಿರಿ?

ಗೇರ್ ಬದಲಿಸುವ ಮಾತು. ಇರುವುದು ಒಂದೇ ಗೇರ್, ಒಳಗೆ ಇಲ್ಲವೇ ಹೊರಗೆ. ಅನುಪಾತವನ್ನು ಬದಲಿಸುವವರು ಮೆಕ್ಯಾನಿಕ್‌ಗಳು, ಅದೂ ರೇಸಿಗೆ ಮುಂಚೆ. ಹಿಂದಿನ ಆಕ್ಸಲಿನ ಬೆನ್ನಿಗಿರುವ ಮುಚ್ಚಳ ಬಿಚ್ಚಿ, ಒಳಗಿನ ಎರಡು ಹಲ್ಲುಚಕ್ರಗಳನ್ನು ತೆಗೆದು ಬೇರೆ ಜೋಡಿ ಹಾಕುತ್ತಾರೆ. ಇದಕ್ಕೆ ಕ್ವಿಕ್‌ಚೇಂಜ್ ಎನ್ನುತ್ತಾರೆ. ಟ್ರ್ಯಾಕ್ ಚಿಕ್ಕದಾದರೆ ಒಂದು ಜೋಡಿ, ಉದ್ದವಾದರೆ ಇನ್ನೊಂದು. ಜೋಡಿ ತಪ್ಪಿದರೆ ನೇರ ಹಾದಿಯ ಕೊನೆಯಲ್ಲಿ ಎಂಜಿನ್ ಸುಮ್ಮನೆ ಕಿರುಚುತ್ತದೆ, ಇಲ್ಲವೇ ತಿರುವಿನಿಂದ ಹೊರಬರುವಾಗ ಎಳೆಯಲಾರದೆ ಏದುಸಿರು ಬಿಡುತ್ತದೆ.

ಇನ್ನು ಸ್ಟಿಯರಿಂಗ್. ಮಣ್ಣಿನ ಓವಲ್ ಟ್ರ್ಯಾಕಿನಲ್ಲಿ ಎಲ್ಲ ತಿರುವೂ ಎಡಕ್ಕೇ, ಅದು ನಿಜ. ಆದರೆ ತಿರುವಿನ ನಡುವೆ ಮುಂದಿನ ಚಕ್ರಗಳು ನೋಡುವುದು ಬಲಕ್ಕೆ. ತಿರುವಿಗೆ ಮುಂಚೆಯೇ ಚಾಲಕ ಆಕ್ಸಿಲರೇಟರ್ ಸಡಿಲಿಸಿ ಕಾರನ್ನು ಅಡ್ಡ ಹಾಕುತ್ತಾನೆ. ಹಿಂಭಾಗ ಹೊರಕ್ಕೆ ಜಾರುತ್ತದೆ, ಅದು ಪೂರ್ತಿ ತಿರುಗಿಬೀಳದಂತೆ ಸ್ಟಿಯರಿಂಗ್ ಬಲಕ್ಕೆ ಕೊಟ್ಟು ಮತ್ತೆ ಕಾಲು ಒತ್ತುತ್ತಾನೆ. ಆಮೇಲೆ ಕಾರು ಎಷ್ಟು ತಿರುಗಬೇಕೆಂದು ಹೇಳುವುದು ಕೈಗಿಂತ ಹೆಚ್ಚಾಗಿ ಬಲಗಾಲು. ಒಂದು ಕೂದಲೆಳೆ ಹೆಚ್ಚು ಒತ್ತಿದರೆ ಗಿರಕಿ, ತಟ್ಟನೆ ಬಿಟ್ಟರೆ ಜಾರುತ್ತಿದ್ದ ಟಯರಿಗೆ ಒಮ್ಮೆಲೇ ಹಿಡಿತ ಸಿಕ್ಕಿ ಕಾರು ಪಲ್ಟಿ. ಸಂಜೆ ಒದ್ದೆಯಾಗಿ ಅಂಟುತ್ತಿದ್ದ ಮಣ್ಣು ರಾತ್ರಿಯಾಗುತ್ತ ಒಣಗಿ ನುಣುಪಾಗುವುದರಿಂದ, ಏಳು ಗಂಟೆಗೆ ಕಲಿತ ಅಳತೆ ಹತ್ತು ಗಂಟೆಗೆ ಕೆಲಸಕ್ಕೆ ಬಾರದು.

ನಾಲ್ಕನೆಯ ವಾಕ್ಯಕ್ಕೆ ನಾನು ಕೆಂಪು ಶಾಯಿ ಎರಡು ಸಲ ಎಳೆದೆ. ನಾಲ್ಕೂ ಚಕ್ರ ನೆಲಕ್ಕೆ ಅಂಟುವುದಿರಲಿ, ವೇಗ ಹಿಡಿಯುವಾಗ ಎಡ ಮುಂಚಕ್ರ ಎಷ್ಟೋ ಸಲ ನೆಲ ಬಿಟ್ಟೇ ಇರುತ್ತದೆ. ಹಿಂದಿನ ಎರಡು ಟಯರುಗಳ ಅಳತೆಯೂ ಬೇರೆ ಬೇರೆ, ಬಲದ್ದು ದೊಡ್ಡದು. ಈ ವ್ಯತ್ಯಾಸಕ್ಕೆ ಸ್ಟ್ಯಾಗರ್ ಎನ್ನುತ್ತಾರೆ. ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ, ನಮ್ಮ ಕಾರುಗಳಲ್ಲಿರುವ ಡಿಫರೆನ್ಷಿಯಲ್ ಇಲ್ಲಿಲ್ಲ, ಎರಡು ಚಕ್ರವೂ ಒಂದೇ ಗಟ್ಟಿ ಆಕ್ಸಲಿಗೆ ಬಿಗಿದಿರುವುದರಿಂದ ಇಬ್ಬರೂ ಸುತ್ತುವುದು ಸಮಸಮ. ತಿರುವಿನಲ್ಲಿ ಒಳಚಕ್ರ 18 ಮೀಟರ್ ತ್ರಿಜ್ಯದಲ್ಲಿ ಹೋಗುತ್ತಿದೆ, ಚಕ್ರಗಳ ನಡುವಿನ ಅಂತರ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಹೊರಚಕ್ರ 19.5 ಮೀಟರ್ ತ್ರಿಜ್ಯದ ದಾರಿ ಸವೆಸಬೇಕು. ಎಡ ಟಯರಿನ ಸುತ್ತಳತೆ 228 ಸೆಂಟಿಮೀಟರ್ ಇದ್ದರೆ ಬಲದ್ದು 247ರ ಹತ್ತಿರ ಇರಬೇಕು ಅಂತಾಯಿತು. ಒಂದು ತುದಿ ಅಗಲವಾದ ಕಾಗದದ ಲೋಟವನ್ನು ಮೇಜಿನ ಮೇಲೆ ಉರುಳಿಸಿ ನೋಡಿ, ಅದು ಕೇಳದೆಯೇ ಸುತ್ತು ಹಾಕುತ್ತದೆ. ಕಾರು ಜಾರುವುದರಿಂದ, ಟ್ರ್ಯಾಕಿನ ಓರೆಯಿಂದ ಈ ಲೆಕ್ಕ ಹಿಂದೆಮುಂದೆ ಆಗುತ್ತದೆ, ಅದಕ್ಕೇ ಮೆಕ್ಯಾನಿಕ್‌ಗಳು ಅಳತೆ ಟೇಪು ಹಿಡಿದು, ಗಾಳಿ ಹೆಚ್ಚುಕಡಿಮೆ ಮಾಡುತ್ತಾ ಟಯರಿನ ಸುತ್ತ ಓಡಾಡುತ್ತಿರುತ್ತಾರೆ. ನಿಮ್ಮ ಲೇಖನದಲ್ಲಿ ಆ ಟೇಪು ಎಲ್ಲಿದೆ?

ನಾನು ಕ್ರೀಡಾಪುಟದಲ್ಲಿ ಕೆಲಸ ಕಲಿಯುವಾಗ ಹಿರಿಯ ಉಪಸಂಪಾದಕರು ಪ್ರತಿ ವಿಶೇಷಣದ ತಲೆಯ ಮೇಲೆ ‘ಹೇಗೆ?’ ಎಂದು ಬರೆದು ಹಾಳೆ ವಾಪಸ್ ಕೊಡುತ್ತಿದ್ದರು. ಮಿಂಚಿನ ವೇಗ, ಹೇಗೆ? ಅದ್ಭುತ ನಿಯಂತ್ರಣ, ಹೇಗೆ? ಆಗ ಸಿಟ್ಟು ಬರುತ್ತಿತ್ತು. ಈಗ ಅದೇ ಸಿಟ್ಟನ್ನು ನಿಮಗೆ ದಾಟಿಸುತ್ತಿದ್ದೇನೆ.

ಏಕೆಂದರೆ ನಿಮ್ಮ ಇನ್ನೊಂದು ದೋಷ ಇದರ ಅಣ್ಣನೋ ತಮ್ಮನೋ. “ಹುಟ್ಟಾ ಪ್ರತಿಭೆ” ಎಂದು ಮೂರು ಕಡೆ ಬರೆದಿದ್ದೀರಿ. 1971ರಲ್ಲಿ ಕ್ಯಾಲಿಫೋರ್ನಿಯಾದ ವಲೇಯೋದಲ್ಲಿ ಹುಟ್ಟಿದ ಮಗು ಐದರ ಹೊತ್ತಿಗೆ ಕ್ವಾರ್ಟರ್ ಮಿಡ್ಜೆಟ್ ಎಂಬ ಮಕ್ಕಳ ಪುಟ್ಟ ರೇಸ್ ಕಾರು ಓಡಿಸುತ್ತಿತ್ತು ಅಂದರೆ, ಅದನ್ನು ತಂದುಕೊಟ್ಟು ಸುತ್ತಿನ ಮೇಲೆ ಸುತ್ತು ಹೊಡೆಸಿದವರು ಮಲತಂದೆ ಜಾನ್ ಬಿಕ್‌ಫರ್ಡ್. ಅವರಿಗೆ ನೀವು ಕೊಟ್ಟದ್ದು ಅರ್ಧ ವಾಕ್ಯ. ಕುಟುಂಬ “ಅದೃಷ್ಟ ಅರಸಿ” ಇಂಡಿಯಾನಾಕ್ಕೆ ಹೋಯಿತಂತೆ. ಅದೃಷ್ಟವಲ್ಲ, ವಯಸ್ಸಿನ ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಅಷ್ಟು ಚಿಕ್ಕವನನ್ನು ಸ್ಪ್ರಿಂಟ್ ಕಾರಿಗೆ ಹತ್ತಿಸುತ್ತಿರಲಿಲ್ಲ, ಮಧ್ಯಪಶ್ಚಿಮದ ಟ್ರ್ಯಾಕುಗಳಲ್ಲಿ ಆ ಕಟ್ಟು ಸಡಿಲವಿತ್ತು. ಹಾಗಾಗಿ ಇಂಡಿಯಾನಾಪೊಲಿಸ್ ಪಕ್ಕದ ಪಿಟ್ಸ್‌ಬರೋದಲ್ಲಿ ಮನೆ ಮಾಡಿದರು. ಹುಡುಗನ ವಯಸ್ಸಿಗೆ ತಕ್ಕ ಟ್ರ್ಯಾಕಿಗಾಗಿ ಒಂದು ಇಡೀ ಮನೆಯೇ ಊರು ಬಿಟ್ಟಿತು, ಅದು ಕಥೆ. ಅಲ್ಲಿಂದಲೇ ಅಮೆರಿಕದ ರೇಸ್ ಸಂಸ್ಥೆ ಯುಸ್ಯಾಕ್‌ನ ಎರಡು ಸರಣಿಗಳಲ್ಲಿ ಗೆಲುವು: 1990ರ ಮಿಡ್ಜೆಟ್ ಪಟ್ಟ, 1991ರ ಸಿಲ್ವರ್ ಕ್ರೌನ್ ಪಟ್ಟ.

ಈಗ ಐದನೇ ಪುಟಕ್ಕೆ ಬನ್ನಿ. 1992ರ ಮಾರ್ಚ್, ಅಟ್ಲಾಂಟಾ, ಸ್ಟಾಕ್ ಕಾರುಗಳ ಎರಡನೇ ದರ್ಜೆಯ ಬುಶ್ ಸರಣಿಯ ರೇಸ್. ಬೇರೊಂದು ತಂಡದ ಒಡೆಯ ರಿಕ್ ಹೆಂಡ್ರಿಕ್ “ಹುಡುಗನ ಧೈರ್ಯ ಕಂಡು ಬೆರಗಾದರು” ಎಂದಿದ್ದೀರಿ. ಹೆಂಡ್ರಿಕ್ ಕಂಡದ್ದು ಹಿಂಭಾಗ ಜಾರುತ್ತಲೇ ಓಡುತ್ತಿದ್ದ ಒಂದು ಕಾರನ್ನು. ರೇಸಿನವರ ಮಾತಿನಲ್ಲಿ ಅದು ‘ಲೂಸ್’. ಮುಂಭಾಗ ತಿರುಗಲು ಒಪ್ಪದಿದ್ದರೆ ‘ಟೈಟ್’. ಡಾಂಬರಿನ ಮೇಲೆ ಹೆಚ್ಚಿನವರು ಕಾರನ್ನು ತುಸು ಟೈಟ್ ಇಟ್ಟುಕೊಳ್ಳುತ್ತಾರೆ, ಅದು ಎಚ್ಚರಿಕೆ ಕೊಟ್ಟು ಜಾರುತ್ತದೆ. ಈ ಕಾರು ಈಗ ಗೋಡೆಗೆ ಬಡಿಯುತ್ತದೆ, ಇನ್ನೇನು ಬಡಿಯಿತು ಎಂದು ಹೆಂಡ್ರಿಕ್ ಕಾದರು. ಬಡಿಯಲಿಲ್ಲ, ಗೆದ್ದಿತು. ಮೇ ತಿಂಗಳಲ್ಲಿ ಒಪ್ಪಂದವೂ ಆಯಿತು. ಸ್ಪ್ರಿಂಟ್ ಕಾರಿನ ಎರಡು ಪಟ್ಟಿಗೂ ಮೀರಿದ ತೂಕದ ಸ್ಟಾಕ್ ಕಾರಿನಲ್ಲಿ ಆತ ಬಳಸುತ್ತಿದ್ದದ್ದು 13ನೇ ವಯಸ್ಸಿಗೆ ಮಣ್ಣಿನಲ್ಲಿ ಕಲಿತ ಅದೇ ಬಲಗಾಲನ್ನು. ನಿಮ್ಮ ಎರಡನೇ ಪುಟ ಸರಿಯಿದ್ದಿದ್ದರೆ ಐದನೇ ಪುಟಕ್ಕೆ ‘ಧೈರ್ಯ’ದ ಹಂಗೇ ಬೇಕಿರಲಿಲ್ಲ.

ಉಳಿದ ಪುಟಗಳ ಬಗ್ಗೆ ಹೆಚ್ಚು ತಕರಾರಿಲ್ಲ. ಒಂದು ಮಾತ್ರ: 1992ರ ನವೆಂಬರ್ 15ರಂದು ಅದೇ ಅಟ್ಲಾಂಟಾದಲ್ಲಿ ಆತ ಮೊದಲ ಸಲ ಅತಿ ಮೇಲಿನ ದರ್ಜೆಯ ಕಪ್ ರೇಸಿಗೆ ಇಳಿದದ್ದನ್ನು “ಕನಸಿನ ಆರಂಭ” ಎಂದಿದ್ದೀರಿ. ಅದು ಹೆಸರಾಂತ ಹಿರಿಯ ಚಾಲಕ ರಿಚರ್ಡ್ ಪೆಟ್ಟಿಯ ಕೊನೆಯ ರೇಸ್, ಜನರ ಕಣ್ಣೆಲ್ಲ ಅತ್ತಲೇ. ಗಾರ್ಡನ್ ಅಪಘಾತ ಮಾಡಿಕೊಂಡು 31ನೆಯವನಾದ. ಹಾಗೆಂದೇ ಬರೆಯಿರಿ.

ತಿದ್ದಿದ ಪ್ರತಿ ತಿಂಗಳೊಳಗೆ ಬಂದರೆ ನೋಡುತ್ತೇನೆ. ಪದಮಿತಿಯ ಚಿಂತೆ ಬೇಡ, ಟಯರಿಗೆ ಬೇಕಾದಷ್ಟು ಜಾಗ ಕೊಡೋಣ. ಸಿಂಹವನ್ನು ಮಾತ್ರ ಕಾಡಿಗೆ ಬಿಟ್ಟು ಬನ್ನಿ.

ಇತಿ,
ಸಂಪಾದಕ