“ತುಂಬಾ ಅಂದ್ರೆ ಎಷ್ಟು?”

ಕೋಡ್‌ನಲ್ಲಿ ಮಾಡಿದ ಒಂದು ತಪ್ಪಿನಿಂದ ನಿದ್ದೆ ಕಳೆದುಕೊಂಡು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವವರು ಇತ್ತೀಚೆಗೆ ಜಾಸ್ತಿ. ಗುರುತು ಸಿಗದಂತೆ ವಿವರ ಬದಲಿಸಿ, ಅವರಲ್ಲೊಬ್ಬರ ಕತೆ ಬರೆಯುತ್ತಿದ್ದೇನೆ.

ಇವರ ಪ್ರೋಗ್ರಾಂ ಉತ್ತರಕ್ಕಾಗಿ 30 ಸೆಕೆಂಡ್ ಕಾಯಬೇಕಿತ್ತು. ಕಾಯುವ ಫಂಕ್ಷನ್ನಿಗೆ, ಅಂದರೆ ಆ ಕೆಲಸ ಮಾಡುವ ಕೋಡ್ ತುಣುಕಿಗೆ, ಬೇಕಿದ್ದದ್ದು ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದ ಒಂದು ಭಾಗ) ಲೆಕ್ಕ. ಅದಕ್ಕೆ ಬರೀ 30 ಅಂತ ಹೋಗುತ್ತಿದ್ದರಿಂದ ಕನೆಕ್ಷನ್ ತಕ್ಷಣ ಕಡಿದುಹೋಗುತ್ತಿತ್ತು. ಇವರು ಫಂಕ್ಷನ್ ಒಳಗೇ 1000ದಿಂದ ಗುಣಿಸಿ ಸರಿಮಾಡಿದರು, ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಅದೇ ತಿದ್ದುಪಡಿಯನ್ನು ಇನ್ನೂ ಬಳಕೆಯಲ್ಲಿದ್ದ ಹಳೆಯ ವರ್ಷನ್‌ಗಳಿಗೂ ಹಾಕಿದರು, ಇದಕ್ಕೆ ಬ್ಯಾಕ್‌ಪೋರ್ಟ್ ಅನ್ನುತ್ತಾರೆ. ಹಳೆಯ ಕೋಡ್ ಜೊತೆ ಕಾನ್‌ಫ್ಲಿಕ್ಟ್ (ತಿಕ್ಕಾಟ) ಬರಲಿಲ್ಲ. ಟೆಸ್ಟ್‌ಗಳೂ ಪಾಸಾದವು. ಆದರೆ ಒಂದು ಹಳೆಯ ವರ್ಷನ್‌ನಲ್ಲಿ ಯಾರೋ ಫಂಕ್ಷನ್ ಕರೆಯುವ ಜಾಗದಲ್ಲೇ ಗುಣಿಸಿಟ್ಟಿದ್ದರು. ಎರಡು ಸಲ ಗುಣಿಸಿ, 30 ಸೆಕೆಂಡ್ 8 ಗಂಟೆ 20 ನಿಮಿಷವಾಯಿತು. ರಾತ್ರಿಯಿಡೀ ಸಿಸ್ಟಂ ಹ್ಯಾಂಗ್.

ಅಂದಿನಿಂದ ಇವರಿಗೆ ಬದಲಾವಣೆಯನ್ನು ಮುಖ್ಯ ಕೋಡ್‌ಗೆ ಸೇರಿಸುವ ಮರ್ಜ್ ಬಟನ್ ಕಂಡರೆ ಕೈ ನಡುಗುತ್ತಿತ್ತು.

ಮೂರನೆಯ ಭೇಟಿಯಲ್ಲಿ ಕೇಳಿದೆ, “ನಿದ್ದೆ ಹೇಗಿದೆ?”

“ಬರ್ತಿಲ್ಲ ಮೇಡಂ. ತುಂಬಾ ದಿನ ಆಯ್ತು.”

“ತುಂಬಾ ಅಂದ್ರೆ ಎಷ್ಟು?”

“ತುಂಬಾನೇ. ಎಲ್ಲಾ ಹಾಳು ಮಾಡಿಬಿಟ್ಟೆ.”

“ನಿಮ್ಮ ಕೋಡ್‌ನಲ್ಲಿ ಹೀಗೆ ಯೂನಿಟ್ ಇಲ್ಲದೆ ಬರೆದರೆ ಒಪ್ತೀರಾ?”

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕುಬಿಟ್ಟರು, ನನ್ನೆದುರು ಮೊದಲ ಸಲ. ಕಾಗದ ತೆಗೆದು ಬರೆಸಿದೆ. ನಿದ್ದೆಗೆಟ್ಟದ್ದು 11 ರಾತ್ರಿ. ಕೆಟ್ಟದ್ದು ಒಂದು ವರ್ಷನ್, ಒಂದು ರಾತ್ರಿ. ಡೇಟಾ ಏನೂ ಹೋಗಿಲ್ಲ. “ಎಲ್ಲಾ” ಅಂದದ್ದು ಇಷ್ಟೇ ಆಗಿತ್ತು.

“ತಪ್ಪು ಎಲ್ಲರೂ ಮಾಡ್ತಾರೆ ಬಿಡಿ” ಅಂತ ನಾನು ಹೇಳಲಿಲ್ಲ. ಒಬ್ಬ ಸಹೋದ್ಯೋಗಿಗೆ ಇದು ಕಠೋರ ಅನ್ನಿಸಿತು. ಇರಬಹುದು. ಆದರೆ ತಪ್ಪು ನಿಜವಾಗಿಯೂ ಇವರದೇ, ಅದು ಅವರಿಗೂ ಗೊತ್ತು. ಗೊತ್ತಿರುವವರ ಹತ್ತಿರ ಅಲ್ಲ ಅಂದರೆ ಅವರು ನಮ್ಮ ಮಾತನ್ನೇ ನಂಬುವುದಿಲ್ಲ. ತಪ್ಪಿನ ಅಳತೆ ಸಿಕ್ಕರೆ ಹೊರೆ ತಾನೇ ಇಳಿಯುತ್ತದೆ ಅಂತ ನನ್ನ ನಂಬಿಕೆ.

ಅವರು ಪ್ರತಿ ಸಾಲನ್ನೂ ಹತ್ತು ಸಲ ಓದುತ್ತಿದ್ದರು. ಅದನ್ನು ಬಿಡಿಸಿದೆ. ಹತ್ತು ಸಲ ಓದಿದ್ದರೂ ಈ ತಪ್ಪು ಸಿಗುತ್ತಿರಲಿಲ್ಲ, ಅಲ್ವಾ? ತಿದ್ದಿದ ಸಾಲು ಸರಿಯಾಗಿಯೇ ಇತ್ತು, ಎಡವಟ್ಟು ಇದ್ದದ್ದು ಅದನ್ನು ಕರೆಯುವ ಕಡೆ. ಹಾಗಾಗಿ ಓದುವುದು ಒಂದೇ ಸಲ, ಆದರೆ ಆಯಾ ವರ್ಷನ್‌ನಲ್ಲಿ ಕರೆಯುವವರ ಕೋಡನ್ನೂ ಸೇರಿಸಿ, ಜೊತೆಗೆ ಇನ್ನೊಬ್ಬರನ್ನು ಕೂರಿಸಿಕೊಂಡು ಅಂದೆ. ವೇರಿಯಬಲ್ (ಕೋಡ್‌ನಲ್ಲಿ ಸಂಖ್ಯೆ ಇಟ್ಟುಕೊಳ್ಳುವ ಹೆಸರು) ಹೆಸರಿನಲ್ಲೇ ಯೂನಿಟ್ ಬರೆಯುವ ಉಪಾಯ ಅವರದೇ. ಕೋಡ್ ವಿಷಯ ನನಗೇಕೆ ಅಂತ ಕೇಳಬಹುದು. ಭಯ ಕೂತಿದ್ದದ್ದೇ ಅಲ್ಲಿ, ಬೇರೆ ಎಲ್ಲಿ ಹುಡುಕಲಿ?

ಐದನೆಯ ಭೇಟಿಗೆ ಬಂದಾಗ ಇನ್ನೊಂದು ಬ್ಯಾಕ್‌ಪೋರ್ಟ್ ಮುಗಿಸಿದ್ದರು. ಮೂರು ಹಳೆಯ ವರ್ಷನ್‌ಗಳಲ್ಲಿ ಎರಡಕ್ಕೆ ಹಾಕಿ, ಮೂರನೆಯದಕ್ಕೆ “ಇಲ್ಲಿ ಬೇಡ, ಕರೆಯುವವರೇ ಗುಣಿಸುತ್ತಾರೆ” ಅಂತ ಬರೆದು ಬಿಟ್ಟಿದ್ದರಂತೆ.

“ಆ ರಾತ್ರಿ ನಿದ್ದೆ?”

“6 ಗಂಟೆ, ಮೇಡಂ. ಮಿಲಿಸೆಕೆಂಡ್ ಅಲ್ಲ.”