ರೋಮಿನ ತಟ್ಟೆಗೆ ಟೊಮೆಟೊ ಬಂದದ್ದು ಹೇಗೆ?

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಪ್ರಾಚೀನ ರೋಮಿನ ಔತಣದ ಚಿತ್ರ ಹಾಕಿದ್ದೀರಿ. ತಟ್ಟೆ ತುಂಬ ಟೊಮೆಟೊ, ಪಕ್ಕದಲ್ಲಿ ಕೆಂಪು ಮೆಣಸಿನಕಾಯಿ! ಎರಡೂ ಅಮೆರಿಕದವು ಅಲ್ವಾ? ಅವಿಲ್ಲದೆ ಅವರು ಹುಳಿ, ಖಾರಕ್ಕೆ ಏನು ಹಾಕುತ್ತಿದ್ದರು?"

ಸಂಪಾದಕರ ಉತ್ತರ: ತಪ್ಪು ನಮ್ಮದೇ. ಚಿತ್ರಕ್ಕೆ ಒಪ್ಪಿಗೆ ಕೊಟ್ಟವನು ನಾನು, ಕಲಾವಿದರನ್ನು ಬಯ್ಯಬೇಡಿ. 1492ರಲ್ಲಿ ಕೊಲಂಬಸ್ ಹಡಗು ಅಮೆರಿಕ ಮುಟ್ಟಿದ ಮೇಲಷ್ಟೇ ಇವೆರಡೂ ಯುರೋಪಿಗೆ ಬಂದದ್ದು. ಆಲೂಗಡ್ಡೆಯೂ ಅಷ್ಟೇ.

ಹುಳಿಗೆ ಅವರ ಬಳಿ ವಿನೆಗರ್ ಇತ್ತು. ಸಿಹಿಗೆ ಜೇನು, ಇಲ್ಲವೇ ದ್ರಾಕ್ಷಿ ರಸವನ್ನು ಕಾಯಿಸಿ ಇಳಿಸಿದ ಪಾಕ. ನಿಮ್ಮೂರಿನ ಜೋನಿಬೆಲ್ಲ ನೆನಪಿಸಿಕೊಳ್ಳಿ. ಆದರೆ ಅವರು ಅದನ್ನು ಸೀಸದ ಪಾತ್ರೆಯಲ್ಲೂ ಕಾಯಿಸುತ್ತಿದ್ದರು, ಅದೊಂದು ಮಾತ್ರ ಬೇಡ! ಉಪ್ಪಿನ ಜಾಗದಲ್ಲಿ ಗಾರುಮ್. ಮೀನು, ಮೀನಿನ ಕರುಳಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಬಿಸಿಲಲ್ಲಿಟ್ಟು ಸೋಸಿದ ರಸ ಅದು.

ಖಾರಕ್ಕೆ? ನಮ್ಮ ಕಾಳುಮೆಣಸು. ಮಲಬಾರ್ ಕರಾವಳಿಯಲ್ಲಿ ಹಡಗು ಹತ್ತಿ, ಕೆಂಪು ಸಮುದ್ರ ದಾಟಿ, ಈಜಿಪ್ಟ್ ಮೂಲಕ ಹೋಗುತ್ತಿತ್ತು. ಈಜಿಪ್ಟಿನ ಬೆರೆನಿಕೆ ಬಂದರಿನಲ್ಲಿ ಅಗೆದಾಗ ಭಾರತದ ಒಂದು ದೊಡ್ಡ ಮಡಕೆಯಲ್ಲಿ ಸುಮಾರು 7.5 ಕಿಲೋ ಮೆಣಸು ಹಾಗೇ ಸಿಕ್ಕಿತು. ರೋಮಿನಲ್ಲಿ ಮೆಣಸಿಗೆಂದೇ ಚಕ್ರವರ್ತಿ ಡೊಮಿಷಿಯನ್ ಉಗ್ರಾಣ ಕಟ್ಟಿಸಿದ. ಕ್ರಿ.ಶ. 408ರಲ್ಲಿ ನಗರಕ್ಕೆ ಮುತ್ತಿಗೆ ಹಾಕಿದ ಗಾಥ್ ಜನರ ನಾಯಕ ಅಲಾರಿಕ್, ಬಿಟ್ಟುಹೋಗಲು ಕೇಳಿದ್ದರಲ್ಲಿ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆ 3000 ಪೌಂಡ್ ಮೆಣಸೂ ಇತ್ತು. ಅಪಿಸಿಯಸ್ ಹೆಸರಿನಲ್ಲಿ ಉಳಿದಿರುವ ಅಡುಗೆ ಪುಸ್ತಕದಲ್ಲಿ ಸಿಹಿತಿಂಡಿಗೂ ಮೆಣಸು ಬೀಳುತ್ತದೆ: ಖರ್ಜೂರದ ಬೀಜ ತೆಗೆದು, ಒಳಗೆ ಬಾದಾಮಿಯಂಥ ಬೀಜವನ್ನೋ ಕಾಳುಮೆಣಸಿನ ಪುಡಿಯನ್ನೋ ತುಂಬಿ, ಹೊರಗೆ ಉಪ್ಪು ಸವರಿ, ಜೇನಿನಲ್ಲಿ ಹುರಿಯುವುದು. ಮಾಡಿ ನೋಡಿದೆ. ಮನೆಯಲ್ಲಿ ಮೊದಲು ಮುಖ ಸಿಂಡರಿಸಿದರು, ಆಮೇಲೆ ತಟ್ಟೆ ಖಾಲಿ.

ನನಗೆ ಜಾಸ್ತಿ ಇಷ್ಟವಾದದ್ದು ಇಂಗಿನ ಕಥೆ. ಈಗಿನ ಲಿಬಿಯಾದ ಸೈರೀನ್ ಸುತ್ತ ಸಿಲ್ಫಿಯಮ್ ಎಂಬ ಗಿಡ ಬೆಳೆಯುತ್ತಿತ್ತು. ಅದರ ಅಂಟು ಸಿರಿವಂತರ ಅಡುಗೆಗೆ ಬೇಕೇ ಬೇಕು. ಬೇಡಿಕೆ ಎಷ್ಟಿತ್ತೆಂದರೆ ಗಿಡವೇ ಕಾಣೆಯಾಯಿತು. ತನ್ನ ಕಾಲದಲ್ಲಿ ಸಿಕ್ಕ ಒಂದೇ ಒಂದು ದಂಟನ್ನು ನೀರೋ ಚಕ್ರವರ್ತಿಗೆ ಕಳಿಸಿದರೆಂದು ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಬದಲಿಗೆ ಪರ್ಷಿಯಾ ಕಡೆಯಿಂದ ಬಂದದ್ದು ನಮ್ಮ ಇಂಗು. ದುಬಾರಿ ಆದ್ದರಿಂದ ಅಪಿಸಿಯಸ್ ಪುಸ್ತಕದಲ್ಲಿ ಒಂದು ಉಪಾಯವಿದೆ: ಗಾಜಿನ ಭರಣಿಯಲ್ಲಿ ಅದರ ಜೊತೆ ಇಪ್ಪತ್ತು ಪೈನ್ ಬೀಜ ಹಾಕಿಡಿ. ಬೇಕಾದಾಗ ಬೀಜ ಅರೆದು ಬಳಸಿ, ತೆಗೆದಷ್ಟು ಬೀಜ ಮತ್ತೆ ಹಾಕಿ. ಇಂಗು ಮುಟ್ಟದೆ ಇಂಗಿನ ಘಮ! ನಮ್ಮ ಅಜ್ಜಿಯಂದಿರೂ ಮೆಚ್ಚುತ್ತಿದ್ದರು. ತೆಂಗು ಮಾತ್ರ ಇರಲಿಲ್ಲ, ಆದ್ದರಿಂದ ನಮ್ಮ ಗಾದೆಯ ಮಂಗ ಅಲ್ಲಿ ಅರ್ಧ ಅಡುಗೆ ಮಾಡಬಹುದಿತ್ತು.

ಇದೆಲ್ಲ ಉಳ್ಳವರ ಮಾತು. ಬಹುಮಹಡಿ ಬಾಡಿಗೆ ಮನೆಗಳಲ್ಲಿದ್ದ ಬಡವರಲ್ಲಿ ಹೆಚ್ಚಿನವರಿಗೆ ಅಡುಗೆಮನೆಯೇ ಇರಲಿಲ್ಲ. ಗೋಧಿ ಗಂಜಿ, ಬೇಳೆಕಾಳು, ಬೀದಿ ಅಂಗಡಿಯ ಬಿಸಿ ತಿನಿಸು, ಬ್ರೆಡ್ಡು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಪೊಂಪೈ ಊರಿನ ಒಂದು ಬೇಕರಿಯ ಒಲೆಯಲ್ಲಿ 81 ಬ್ರೆಡ್ಡು ಸುಟ್ಟು ಕರಕಲಾಗಿ ಹಾಗೇ ಉಳಿದವು. ದುಂಡಗೆ, ಎಂಟು ಹೋಳು ಮಾಡಲು ಗೆರೆ ಹಾಕಿದ ಬ್ರೆಡ್ಡು.

ಮುಂದಿನ ಸಂಚಿಕೆಯಲ್ಲಿ ಚಿತ್ರ ತಿದ್ದಿ ಹಾಕುತ್ತೇವೆ. ಟೊಮೆಟೊ ಜಾಗದಲ್ಲಿ ಆ ಬ್ರೆಡ್ಡು ಇರುತ್ತದೆ. ಗೆರೆ ಎಂಟೇ ಇವೆಯಾ ಅಂತ ದಯವಿಟ್ಟು ಎಣಿಸಿ ಬರೆಯಿರಿ.